ಪೈಲ್ವಾನರ ಚಾಕಲೇಟು

ನಮ್ಮ ಯಜಮಾನರು ಪೈಲ್ವಾನರು. ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನಾನು ಮದುವೆಯಾಗಿ ನಂಜನಗೂಡು ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದಾಗ ಅವರು ದಸರಾ ಕುಸ್ತಿಗೆ ಇಳಿಯುವುದನ್ನು ಆಗಲೇ ನಿಲ್ಲಿಸಿದ್ದರು. ಬಲ ಮೊಣಕಾಲು ಕೆಟ್ಟಿತ್ತು. ಆದರೂ ಅಗ್ರಹಾರದ ಸುತ್ತಮುತ್ತ ಯಾರೂ ಅವರನ್ನು ಬೇರೆ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಸೊಪ್ಪಿನವಳಿಗೂ ಪೈಲ್ವಾನರು, ಪೋಸ್ಟಿನವರಿಗೂ ಪೈಲ್ವಾನರು. ಇದರಿಂದ ನನಗೊಂದು ಅನುಕೂಲವೂ ಆಯಿತು. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎನ್ನುತ್ತಿದ್ದ ಕಾಲ ಅದು. ಯಾರಾದರೂ ಕೇಳಿದರೆ ‘ಪೈಲ್ವಾನರ ಮನೆಯವಳು’ ಅಂದರೆ ಸಾಕಾಗುತ್ತಿತ್ತು.

ಬೆಳಿಗ್ಗೆ ಗಲ್ಲಿಯ ಕೊನೆಯಲ್ಲಿದ್ದ ಗರಡಿ ಮನೆಯಲ್ಲಿ ಹುಡುಗರಿಗೆ ಸಾಮು ಕಲಿಸುವುದು, ಹಗಲೆಲ್ಲ ನಮ್ಮ ಸೌದೆ ಡಿಪೋ ನೋಡಿಕೊಳ್ಳುವುದು, ಸಂಜೆ ಮತ್ತೆ ಗರಡಿ. ಅವರ ದಿನ ಇಷ್ಟೇ. ಇದರ ನಡುವೆ ಬಿಡುವು ಸಿಕ್ಕಿದಾಗೆಲ್ಲ ಊಟದ ವಿಷಯದಲ್ಲಿ ಜನಕ್ಕೆ ಬುದ್ಧಿ ಹೇಳುತ್ತಿದ್ದರು. ಸೌದೆ ಕೊಳ್ಳಲು ಬಂದವರಿಗೂ ಬಿಡುಗಡೆ ಇರಲಿಲ್ಲ. “ಕಾಫಿ ದಿನಕ್ಕೆ ಎಷ್ಟು ಸಲ ಸ್ವಾಮಿ? ಹೋಟ್ಲಲ್ಲಿ ಬೋಂಡ ತಿಂತೀರಾ? ಅದಕ್ಕೇ ನೋಡಿ ಕಣ್ಣು ಹಂಗೆ ಒಳಗೋಗಿರೋದು” ಎನ್ನುತ್ತಿದ್ದರು. ಪಾಪ, ಸೌದೆ ಒಯ್ಯಲು ಬಂದವರು ತಮ್ಮ ಕಣ್ಣನ್ನು ಮುಟ್ಟಿ ನೋಡಿಕೊಂಡು ಹೋಗುತ್ತಿದ್ದರು.

ಗರಡಿಯಲ್ಲಂತೂ ಅವರ ಮಾತೇ ಕಾನೂನು. ರಾಗಿ ಮುದ್ದೆ, ಹಾಲು, ಬಾದಾಮಿ, ಮೊಳಕೆ ಕಾಳು. ಬೀದಿ ತಿಂಡಿ ಮುಟ್ಟಿದವನಿಗೆ ಬಸ್ಕಿ. ಸಿಹಿ ಮುಟ್ಟಿದವನಿಗೆ ಇನ್ನೂ ಹೆಚ್ಚು ಬಸ್ಕಿ. ಇದೇ ಕಾನೂನು ಮನೆಗೂ ನಡೆದು ಬಂತು. ನಮಗೆ ಮಗಳು ಹುಟ್ಟಿ ಅವಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಪಕ್ಕದ ಮನೆಯವರು ಯಾರೋ ಅವಳ ಕೈಗೊಂದು ಪೆಪ್ಪರ್‌ಮೆಂಟು ಕೊಟ್ಟರು ಎಂದು ಇವರು ಆ ಮನೆಯವರ ಜೊತೆ ವಾರಗಟ್ಟಲೆ ಮಾತು ಬಿಟ್ಟಿದ್ದರು.

ಇಂಥ ಮನುಷ್ಯನ ಜುಬ್ಬಾವನ್ನು ಒಂದು ಬೇಸಿಗೆಯ ಬೆಳಿಗ್ಗೆ ನಾನು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹಾಕಿದೆ. ಜೇಬಿನ ಒಳಗೆ ಏನೋ ಅಂಟುಅಂಟಾಗಿ ಕಂದು ಬಣ್ಣಕ್ಕೆ ಮೆತ್ತಿಕೊಂಡಿತ್ತು. ಮುಟ್ಟಿದರೆ ಬೆರಳಿಗೆ ಹತ್ತಿತು. ನಮ್ಮೂರಿನಲ್ಲಿ ಒಬ್ಬರು ಮುದುಕರು ಅಫೀಮು ತಿಂದು ಹಗಲೆಲ್ಲ ಜಗಲಿಯ ಮೇಲೆ ತೂಕಡಿಸುತ್ತಾ ಕೂತಿರುತ್ತಿದ್ದರು. ಅವರ ಡಬ್ಬಿಯಲ್ಲಿ ಇದೇ ಬಣ್ಣದ, ಇದೇ ತರದ ಅಂಟು ಇದ್ದದ್ದನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಮೊಣಕಾಲು ನೋವಿಗೆ ಅಂತ ಯಾರೋ ಹೇಳಿಕೊಟ್ಟು ಇವರು ಅದನ್ನು ಹಿಡಿದುಬಿಟ್ಟರೇನೋ ಎಂದುಕೊಂಡೆ.

ಅತ್ತೆ ಅಲ್ಲೇ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನನ್ನ ಮುಖ ನೋಡಿ, “ಏನಾಯ್ತು ಕಣವ್ವ? ಹಾವು ತುಳಿದೋಳಂಗೆ ನಿಂತ್ಬುಟ್ಟೆ?” ಎಂದರು.

ನಾನು ಜುಬ್ಬಾ ಹಿಡಿದುಕೊಂಡು ಹೋಗಿ ಅವರ ಕಿವಿಯ ಹತ್ತಿರ, “ಅತ್ತೆ, ಅಫೀಮು ಇರಬೇಕು” ಎಂದೆ. ಹೇಳುವಾಗಲೇ ಅಳು ಬಂತು.

ಅತ್ತೆ ಅಳಲಿಲ್ಲ. ಹುಣಸೆಹಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಜೇಬನ್ನು ತಿರುವಿದರು. ಮೂಸಿದರು. ಆಮೇಲೆ ಕಿರುಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡರು.

“ಅಯ್ಯೋ, ಬಾಯಿಗಿಡಬೇಡಿ ಅತ್ತೆ!”

“ಸುಮ್ಕಿರು. ಅಫೀಮು ಕಹಿ ಇರ್ತದೆ. ಹಲ್ಲು ನೋವಿಗೆ ನಮ್ಮಾವ ಒಂದ್ಸಲ ನಂಗೂ ಕೊಟ್ಟಿದ್ರು. ಇದು ಸಿಹಿ ಕಣವ್ವ.” ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡರು. “ತಡಿ, ಇನ್ನೊಂದ್ಸಲ ನೋಡ್ತೀನಿ” ಎಂದು ಮತ್ತೆ ಬೆರಳು ಹಾಕಿದರು. ಮೂರನೆಯ ಸಲ ನೋಡುವ ಅಗತ್ಯ ಇರಲಿಲ್ಲ, ಆದರೂ ನೋಡಿದರು.

ಅಷ್ಟರಲ್ಲಿ ಜೇಬಿನ ಮೂಲೆಯಿಂದ ಬೆಳ್ಳಿ ಕಾಗದದ ಒಂದು ಚೂರು ಬಂತು. ನಾನು ಲೋಯರ್ ಸೆಕೆಂಡರಿ ಓದುವಾಗ ನಮ್ಮ ಟೀಚರೊಬ್ಬರು ಅಂಥದೇ ಕಾಗದವನ್ನು ಉಗುರಿನಿಂದ ನಯ ಮಾಡಿ ಪುಸ್ತಕದೊಳಗೆ ಗುರುತಿಗೆ ಇಟ್ಟುಕೊಳ್ಳುತ್ತಿದ್ದರು. ಅದು ಏನನ್ನು ಸುತ್ತಿದ ಕಾಗದ ಎಂದು ಅವರೇ ಹೇಳಿದ್ದರು. “ಅತ್ತೆ, ಇದು ಚಾಕಲೇಟು” ಎಂದೆ.

ಅತ್ತೆಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಲು ಶುರು ಮಾಡಿದವರು ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ತಳ್ಳಿ, ಗೋಡೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಊರಿಗೆಲ್ಲ ಬಸ್ಕಿ ಹೊಡಿಸ್ತಾನಲ್ಲೇ, ನನ್ ಮಗ!” ಎಂದು ಹೇಳುವುದು, ಮತ್ತೆ ನಗುವುದು.

ಸಂಜೆ ಅವರು ಬಂದ ಕೂಡಲೇ ಕೇಳಿಬಿಡಬೇಕು ಎಂದು ನನಗೆ. ಅತ್ತೆ ಬಿಡಲಿಲ್ಲ. “ಬುಡು, ಏನೂ ಕೇಳ್ಬೇಡ. ಕೇಳಿದ್ರೆ ಇಲ್ಲ ಅಂತಾನೆ. ಅವನ ಕೈಲಿ ಸುಳ್ಳು ಯಾಕೆ ಹೇಳಿಸ್ತೀಯ? ತಾನಾಗೇ ಹೇಳ್ಲಿ, ನೋಡಾನ” ಎಂದರು. ಅಫೀಮಲ್ಲ ಎಂಬ ಸಮಾಧಾನವೇ ನನಗೆ ಅಷ್ಟು ದೊಡ್ಡದಾಗಿತ್ತು. ಸರಿ ಅಂದೆ.

ಎಲ್ಲಿಂದ ಬರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಾಗಲಿಲ್ಲ. ದೊಡ್ಡ ಗಡಿಯಾರದ ಹತ್ತಿರದ ಒಂದು ಬೇಕರಿಗೆ ಒಲೆ ಉರಿಸಲು ನಮ್ಮ ಡಿಪೋದಿಂದಲೇ ಸೌದೆ ಹೋಗುತ್ತಿತ್ತು. ಪ್ರತಿ ಮಧ್ಯಾಹ್ನ ಇವರು, “ಬೇಕರಿಯೋರ ಸೌದೆ ಒಣಗಿದ್ಯಾ ನೋಡ್ಕೊಂಡು ಬರ್ತೀನಿ” ಎಂದು ಹೊರಡುತ್ತಿದ್ದರು. ಸುಡುಬೇಸಿಗೆಯಲ್ಲಿ ಒಣಗದೆ ಸೌದೆ ಇನ್ನೇನು ಮಾಡೀತು ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಅಲ್ಲಿ ಗಾಜಿನ ಬೀರುವಿನಲ್ಲಿ ಚಾಕಲೇಟು ಇಟ್ಟು ಮಾರುತ್ತಿದ್ದರಂತೆ. ಇವರು ಒಂದನ್ನು ಜೇಬಿಗೆ ಹಾಕಿಕೊಂಡು ಡಿಪೋಗೆ ಬಂದು, ಹುಣಸೆ ಕೊರಡಿನ ರಾಶಿಯ ಹಿಂದೆ ಕೂತು, ಸೌದೆ ಎಣಿಸುವವರಂತೆ ಮುಖ ಮಾಡಿಕೊಂಡು ತಿನ್ನುತ್ತಿದ್ದರು. ಇದೆಲ್ಲ ಆಮೇಲೆ ಅವರೇ ಹೇಳಿದ್ದು.

ಗೊತ್ತಾದ ಮೇಲೆ ಸುಮ್ಮನೆ ಇರುವುದು ಅತ್ತೆಗೂ ಆಗಲಿಲ್ಲ, ನನಗೂ ಆಗಲಿಲ್ಲ. ನೇರವಾಗಿ ಕೇಳಬಾರದು ಎಂದು ಮಾತಾಗಿತ್ತೇ ಹೊರತು ಸುತ್ತಿ ಬಳಸಿ ಕೇಳಬಾರದು ಎಂದೇನೂ ಇರಲಿಲ್ಲವಲ್ಲ. ಒಂದು ದಿನ ಊಟಕ್ಕೆ ಕೂತಾಗ ಅತ್ತೆ ಮೂಗೆಳೆದುಕೊಂಡು, “ಮಗಾ, ನಿನ್ ಬಟ್ಟೆಯಿಂದ ಏನೋ ಪರಿಮಳ ಬರ್ತದಲ್ಲ?” ಎಂದರು.

“ಸೌದೆ ವಾಸನೆ ಅವ್ವ. ಗಂಧದ ಚೆಕ್ಕೆ ಸೇರ್ಕೊಂಡಿರ್ಬೇಕು.”

“ನಮ್ ಡಿಪೋಗೆ ಗಂಧ ಎಲ್ಲಿಂದ ಬಂತಪ್ಪ? ಸರ್ಕಾರದೋರಿಗೆ ಗೊತ್ತಾದ್ರೆ ಹಿಡ್ಕೊಂಡು ಹೋಗ್ತಾರೆ, ಹುಷಾರು.”

ಅವರು ಮುದ್ದೆಯನ್ನು ನುಂಗಿ ಕೆಮ್ಮಿದರು. ಇನ್ನೊಂದು ದಿನ ನಾನು, “ಏನೂಂದ್ರೆ, ಇರುವೆ ಎಲ್ಲ ನಿಮ್ಮ ಜುಬ್ಬಾನೇ ಹುಡುಕ್ಕೊಂಡು ಬರ್ತವೆ. ಪಕ್ಕದಲ್ಲೇ ನನ್ನ ಸೀರೆ ಇದ್ರೂ ತಿರುಗಿ ನೋಡಲ್ಲ” ಎಂದೆ.

“ಪೈಲ್ವಾನ್ ಬೆವರು ಕಣಮ್ಮಿ ಅದು” ಎಂದರು, ಎದೆ ಸೆಟೆಸಿ. “ಹಾಲು ತುಪ್ಪ ತಿಂದ ಮೈ. ಬೆವರೂ ಸಿಹಿ ಇರ್ತದೆ.”

ಅತ್ತೆ ಎದ್ದು ಅಡುಗೆಮನೆಗೆ ಹೋಗಿಬಿಟ್ಟರು. ಅಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

ಹೀಗೆ ತಮಾಷೆಯಲ್ಲೇ ಮಳೆಗಾಲ ಬಂತು. ಆದರೆ ಅಷ್ಟು ಹೊತ್ತಿಗೆ ನನಗೆ ತಮಾಷೆಯ ಜೊತೆಗೆ ಸ್ವಲ್ಪ ಭಯವೂ ಶುರುವಾಗಿತ್ತು. ಒಂದು ಚಾಕಲೇಟು ಎರಡಾಗಿರಬೇಕು, ಎರಡು ಮೂರಾಗಿರಬೇಕು. ರಾತ್ರಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಸೊಪ್ಪಿನ ಸಾರನ್ನು ಮುಟ್ಟುತ್ತಲೇ ಇರಲಿಲ್ಲ. ಕುಸ್ತಿ ಆಡುವಾಗ ತಿನ್ನುತ್ತಿದ್ದ ತುಪ್ಪ, ಬಾದಾಮಿ ಹಾಲು, ಬಾಡು ಮಾತ್ರ ಹಾಗೇ ನಡೆದುಕೊಂಡು ಬಂದಿತ್ತು. ಕುಸ್ತಿ ನಿಂತರೂ ಅದು ನಿಂತಿರಲಿಲ್ಲ. ಹೊಟ್ಟೆ ಮುಂದೆ ಬಂತು. ಮೂರು ಮೆಟ್ಟಿಲ ನಮ್ಮ ಜಗಲಿ ಹತ್ತಿ ಬಂದವರು ಏದುಸಿರು ಬಿಡುತ್ತಾ ಕಂಬ ಹಿಡಿದು ನಿಲ್ಲುತ್ತಿದ್ದರು. ನಾನು ನೋಡಿದರೆ, “ಕಂಬ ಗಟ್ಟಿಯಾಗಿದ್ಯಾ ನೋಡ್ತಿದ್ದೆ” ಎನ್ನುತ್ತಿದ್ದರು.

ಆಗಲೇ ಒಂದು ದಿನ ಮಗಳು ಶಾಲೆಯಿಂದ ಬಂದು ಅವರ ತೊಡೆಯ ಮೇಲೆ ಕೂತು, “ಅಪ್ಪಾ, ಚಾಕಲೇಟು ಅಂದ್ರೆ ಹೆಂಗಿರ್ತದೆ? ನಮ್ ಕ್ಲಾಸಲ್ಲಿ ಒಬ್ಳು ತಿಂದವ್ಳಂತೆ” ಎಂದು ಕೇಳಿದಳು.

ನಾನು ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದೆ. ಅತ್ತೆ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು.

ಅವರು ಬೀದಿಯ ಕಡೆ ನೋಡುತ್ತಾ, “ಮಣ್ಣು ತಿಂದಂಗಿರ್ತದೆ ಕಣವ್ವ” ಎಂದರು.

“ಥೂ!” ಎಂದು ಮಗಳು ಮುಖ ಸಿಂಡರಿಸಿ ಆಡಲು ಓಡಿಹೋದಳು. ಅವಳು ನಂಬಿಬಿಟ್ಟಿದ್ದಳು. ಆ ಸಂಜೆ ಅವರು ಯಾರಿಗೂ ಬುದ್ಧಿ ಹೇಳಲಿಲ್ಲ. ಅತ್ತೆಗೂ ಆ ದಿನ ತಮಾಷೆ ಮಾಡಲು ಮನಸ್ಸಾಗಲಿಲ್ಲ.

ಇದಾದ ಕೆಲವು ದಿನಕ್ಕೆ, ದಸರಾ ಇನ್ನೇನು ಹತ್ತಿರ ಬಂತು ಅನ್ನುವಾಗ, ಬೆಳಿಗ್ಗೆ ಗರಡಿಯಿಂದ ಅವರ ಹಿರಿಯ ಶಿಷ್ಯ ಇವರನ್ನು ತೋಳು ಹಿಡಿದು ಮನೆಗೆ ಕರೆತಂದ. ಮೈಯೆಲ್ಲ ಗರಡಿಯ ಕೆಂಪು ಮಣ್ಣು, ಮುಖ ಬಿಳಿಚಿಕೊಂಡಿತ್ತು. “ಗಾಬರಿ ಆಗ್ಬೇಡಿ ಅಕ್ಕಾ, ಉಸ್ತಾದ್ರಿಗೆ ಸ್ವಲ್ಪ ತಲೆ ಸುತ್ತು ಬಂತು” ಎಂದ. ನಡೆದದ್ದನ್ನೂ ಅವನೇ ಹೇಳಿದ. ಆ ವರ್ಷ ಕುಸ್ತಿಗೆ ಇಳಿಯಬೇಕಾಗಿದ್ದ ಒಬ್ಬ ಶಿಷ್ಯ ಜಿಲೇಬಿ ತಿಂದು ಸಿಕ್ಕಿಬಿದ್ದಿದ್ದ. ಎಂದಿನಂತೆ ಬಸ್ಕಿಯ ಶಿಕ್ಷೆ ಆಯಿತು. ಶಿಷ್ಯ ತಲೆ ತಗ್ಗಿಸಿಕೊಂಡು ಶುರು ಮಾಡಿದ. ಉಸ್ತಾದರು ಸ್ವಲ್ಪ ಹೊತ್ತು ನೋಡಿಕೊಂಡು ನಿಂತಿದ್ದರಂತೆ. ಇದ್ದಕ್ಕಿದ್ದಂತೆ ತಾವೂ ಜುಬ್ಬಾ ಕಳಚಿ, ಕಚ್ಚೆ ಬಿಗಿದು, ಅವನ ಪಕ್ಕದಲ್ಲಿ ನಿಂತು ಬಸ್ಕಿ ಹೊಡೆಯಲು ಶುರು ಮಾಡಿದರಂತೆ. ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಶಿಷ್ಯನ ಶಿಕ್ಷೆ ಮುಗಿಯುವ ಮೊದಲೇ ಇವರು ಮಣ್ಣಿನಲ್ಲಿ ಕುಸಿದು ಕೂತರು.

“ಉಸ್ತಾದ್ರು ಯಾಕೆ ಬಸ್ಕಿ ಹೊಡೆದ್ರೋ ನಮಗೆ ಗೊತ್ತಾಗ್ಲಿಲ್ಲ ಅಕ್ಕಾ” ಎಂದ. ನನಗೂ ಅತ್ತೆಗೂ ಗೊತ್ತಾಯಿತು.

ಆ ದಿನ ಇವರು ಡಿಪೋಗೆ ಹೋಗಲಿಲ್ಲ. ಮಧ್ಯಾಹ್ನ ಮಗಳು ಶಾಲೆಯಲ್ಲಿದ್ದಳು, ಅತ್ತೆ ನಡುಮನೆಯಲ್ಲಿ ಮಲಗಿದ್ದರು. ಇವರು ಕೋಣೆಯಿಂದ ನನ್ನನ್ನು ಕರೆದರು. “ಅಮ್ಮೀ, ಬಾಗ್ಲು ಮುಂದಕ್ಕೆ ಮಾಡು. ಒಂದ್ ಮಾತು ಹೇಳ್ಬೇಕು. ಕೋಪ ಮಾಡ್ಕೋಬಾರದು.”

“ಹೇಳಿ.”

“ನಾನೊಂದು ಚಟಕ್ಕೆ ಬಿದ್ಬುಟ್ಟಿದ್ದೀನಿ.” ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದರು. ದೊಡ್ಡ ಆಳು. ಆ ಬೆನ್ನನ್ನು ನೆಲಕ್ಕೆ ಮುಟ್ಟಿಸಲು ಎಷ್ಟೋ ಊರಿನ ಪೈಲ್ವಾನರು ಒದ್ದಾಡಿದ್ದರು. ಈಗ ಅದು ಮಗುವಿನ ಬೆನ್ನಿನ ತರ ಕಂಡಿತು. ನನಗೆ ಇನ್ನು ತಡೆಯಲಾಗಲಿಲ್ಲ.

“ಚಾಕಲೇಟು ತಾನೆ?”

ಅವರು ತಿರುಗಿದರು. ಕುಸ್ತಿಯಲ್ಲಿ ಚಿತ್ತಾದವರ ಮುಖ ಹೇಗಿರುತ್ತದೆಂದು ನಾನು ನೋಡಿದವಳಲ್ಲ. ಹಾಗೇ ಇರಬೇಕು.

“ಯಾರು ಹೇಳಿದ್ದು?”

“ನಿಮ್ಮ ಜುಬ್ಬಾ.”

“ಯಾವಾಗ?”

“ಬೇಸಿಗೇಲಿ.”

ಅವರು ಲೆಕ್ಕ ಹಾಕುತ್ತಿರುವುದು ಕಾಣುತ್ತಿತ್ತು. ಗಂಧದ ಚೆಕ್ಕೆ, ಸಿಹಿ ಬೆವರು ಎಲ್ಲ ಒಂದೊಂದಾಗಿ ನೆನಪಾಗುತ್ತಿರಬೇಕು. ಕಿವಿ ಕೆಂಪಾಯಿತು. ಕೊನೆಗೆ ಬಹಳ ಸಣ್ಣ ದನಿಯಲ್ಲಿ, “ಅವ್ವಂಗೆ ಗೊತ್ತಿಲ್ಲ ತಾನೆ?” ಎಂದರು.

“ಅವ್ವನೇ ಕಣ್ಲಾ ಮೊದ್ಲು ನೆಕ್ಕಿ ನೋಡಿದ್ದು!” ಎಂದು ನಡುಮನೆಯಿಂದ ಕೂಗು ಬಂತು.

ಅವರು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಆಮೇಲೆ ಎಲ್ಲ ಹೇಳಿದರು. ಹಿಂದೊಂದು ದಸರಾದಲ್ಲಿ ಇವರ ಶಿಷ್ಯ ದೊಡ್ಡ ಕುಸ್ತಿ ಗೆದ್ದ. ಜನ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ತಮಟೆ ಬಾರಿಸುತ್ತಾ ಹೋದರು. ಕಲಿಸಿದವರು ಹಿಂದೆ ಉಳಿದುಕೊಂಡರು. ಅದರಲ್ಲಿ ತಪ್ಪೇನಿಲ್ಲ, ಗೆದ್ದವನನ್ನೇ ಹೊರಬೇಕು, ಆದರೂ ಮನೆಗೆ ಬರಲು ಕಾಲು ಏಳಲಿಲ್ಲ ಎಂದರು. ದಾರಿಯಲ್ಲಿ ಬೇಕರಿಯ ಯಜಮಾನರು ಕೂಗಿ ಕರೆದು, ಕೂರಿಸಿ, “ಗುರುಗಳಿಗೆ ಬಾಯಿ ಸಿಹಿ” ಎಂದು ಬೀರುವಿನಿಂದ ಒಂದು ಚಾಕಲೇಟು ತೆಗೆದುಕೊಟ್ಟರು.

“ಅದು ಬಾಯಲ್ಲಿ ಕರಗೋ ಹೊತ್ತಿಗೆ ಎಲ್ಲ ಮರೆತೋಯ್ತು ಕಣಮ್ಮಿ. ಮಾರನೇ ದಿನ ಮತ್ತೆ ಹೋದೆ. ಆಮೇಲೆ ಮರೆಯೋಕೆ ಏನೂ ಇಲ್ದಿದ್ರೂ ಹೋದೆ.” ಎದ್ದು ಕೂತು, “ಮಗೀಗೆ ಮಣ್ಣು ತಿಂದಂಗಿರ್ತದೆ ಅಂದೆನಲ್ಲ, ಅವತ್ತಿಂದ ನನ್ ಬಾಯಿಗೂ ಹಂಗೇ ಆಗ್ಬುಟ್ಟದೆ. ಆದ್ರೂ ಬುಡೋಕೆ ಆಗ್ತಿಲ್ಲ” ಎಂದರು.

ಅಲ್ಲಿಯವರೆಗೆ ನಾನು ಅವರನ್ನು ಎಷ್ಟೋ ಗೇಲಿ ಮಾಡಿದ್ದೆ. ಆ ಮಾತು ಕೇಳಿದ ಮೇಲೆ ಅವರ ಕೈ ಹಿಡಿದುಕೊಂಡು ಕೂತೆ.

ಮಾರನೆಯ ದಿನದಿಂದ ಮುಟ್ಟುವುದಿಲ್ಲ ಎಂದು ಚಾಮುಂಡಿ ಬೆಟ್ಟದ ಕಡೆ ಕೈಮುಗಿದು ಆಣೆ ಇಡಲು ಹೊರಟರು. ಅತ್ತೆ ತಡೆದರು. “ಚಾಕಲೇಟಿಗೆಲ್ಲ ಆ ತಾಯಿನ ಯಾಕ್ಲಾ ಎಳೀತೀಯ? ಅವಳಿಗೆ ಬೇರೆ ಕೆಲಸ ಇಲ್ವಾ? ನೀನೇ ಬುಡು.” ಅತ್ತೆ ಆವತ್ತು ಒಳ್ಳೆಯ ಕೆಲಸವನ್ನೇ ಮಾಡಿದರು. ಯಾಕೆಂದರೆ ಬಿಡುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ದಿನಗಳಲ್ಲಿ ತಲೆನೋವು, ಸಿಡುಕು. ಸೌದೆ ಹಸಿ ಇದೆ ಎಂದವರ ಮೇಲೆ ಜಗಳ. ಹಿತ್ತಲಿನ ಕಾಗೆಯ ಮೇಲೂ ಜಗಳ. ಒಂದು ಮಧ್ಯಾಹ್ನ ಡಿಪೋದಿಂದ ಬೇಗ ಬಂದು ಬಾಗಿಲಲ್ಲೇ ನಿಂತು, “ಹೋಗ್ಬುಟ್ಟೆ” ಎಂದರು.

“ಎಲ್ಲಿಗೆ?”

“ಅಲ್ಲಿಗೇ. ಸುಮ್ನೆ ಬೀರು ನೋಡ್ಕೊಂಡು ಬರಾನ ಅಂತ.”

“ನೋಡ್ಕೊಂಡು ಬಂದ್ರಾ?”

“ತಿನ್ಕೊಂಡು ಬಂದೆ.”

ಅತ್ತೆ ಒಳಗಿನಿಂದ, “ನಿಜ ಹೇಳೋದಾದ್ರೂ ಕಲ್ತ” ಎಂದರು.

ಆ ದಿನವೇ ಅವರು ಒಂದು ತೀರ್ಮಾನಕ್ಕೆ ಬಂದರು. ಇನ್ನು ಬೇಕರಿಯ ಸೌದೆಯ ವ್ಯವಹಾರಕ್ಕೆ ತಾವು ಹೋಗುವುದಿಲ್ಲ, ನಾನೇ ಹೋಗಬೇಕು. ನಾನು ಅಲ್ಲಿಯವರೆಗೆ ಒಬ್ಬಳೇ ಮಾರ್ಕೆಟ್ಟಿನ ಆಚೆ ಹೋದವಳಲ್ಲ. ಒಳ್ಳೆಯ ಸೀರೆ ಉಟ್ಟು, ಅಲ್ಲಿ ಆಡಬೇಕಾದ ಮಾತನ್ನು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾ ಹೋದೆ. ಬೇಕರಿಯ ಯಜಮಾನರು ವಯಸ್ಸಾದವರು, ಮರ್ಯಾದಸ್ಥರು. ನಾನು ಯಾರೆಂದು ತಿಳಿದ ಕೂಡಲೇ ಸ್ಟೂಲು ಎಳೆದು ಕೂರಿಸಿದರು. ಸೌದೆಯ ಮಾತು ಮುಗಿದ ಮೇಲೆ ನಾನು ಧೈರ್ಯ ಮಾಡಿ, “ನಮ್ಮನೆಯೋರು ಬಂದು ಕೇಳಿದ್ರೆ ಇನ್ಮೇಲೆ ಚಾಕಲೇಟು ಕೊಡಬೇಡಿ” ಎಂದೆ.

ಅವರು ಮುಖ ಸಣ್ಣದು ಮಾಡಿಕೊಂಡು, “ನಿಮ್ಮ ಮನೆಯವರಿಗೆ ಇಲ್ಲ ಅನ್ನೋ ಧೈರ್ಯ ನನಗೆಲ್ಲಿಂದ ಬರಬೇಕು ತಾಯಿ? ಆ ತೋಳು ನೋಡಿದ್ದೀರಾ?” ಎಂದರು. ಆಮೇಲೆ, “ಆದರೂ ಪ್ರಯತ್ನ ಮಾಡ್ತೀನಿ” ಎಂದು ಹೇಳಿ, ನಾನು ಏಳುವಾಗ ಬೀರುವಿನಿಂದ ಒಂದನ್ನು ತೆಗೆದು ನನ್ನ ಮುಂದೆ ಇಟ್ಟರು. “ಇದು ನಿಮಗೆ. ಮೊದಲ ಸಲ ಬಂದಿದ್ದೀರಿ, ಬೇಡ ಅನ್ನಬಾರದು.”

ಆ ಚಾಕಲೇಟನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಮನೆಗೆ ಬಂದೆ. ಬಚ್ಚಿಡುವುದು ಸರಿ ಕಾಣಲಿಲ್ಲ. ಎಲ್ಲರ ಮುಂದೆ ನಡುಮನೆಯಲ್ಲಿ ಇಟ್ಟೆ. ಅವರು ಅದನ್ನೇ ನೋಡುತ್ತಾ ಕೂತರು. ಎದುರಾಳಿಯನ್ನು ಅಳೆಯುವ ನೋಟ. ಕೊನೆಗೆ ತಾವೇ ಬೆಳ್ಳಿ ಕಾಗದ ಬಿಚ್ಚಿ, ಮುರಿದು, ಮೊದಲ ತುಂಡನ್ನು ಮಗಳ ಕೈಗೆ ಕೊಟ್ಟರು. ಅವಳು ಕೈ ಹಿಂದೆ ತೆಗೆದುಕೊಂಡಳು. “ಮಣ್ಣು ತಿಂದಂಗಿರ್ತದೆ ಅಂದೆ?”

“ತಿಂದು ನೋಡವ್ವ.”

ಬಾಯಿಗೆ ಹಾಕಿಕೊಂಡಳು. ಅವಳ ಕಣ್ಣು ದೊಡ್ಡದಾಯಿತು. “ಅಪ್ಪಾ! ಇದು ಮಣ್ಣಿನ ತರ ಇಲ್ವೇ ಇಲ್ಲ!”

“ಇಲ್ಲ ಕಣವ್ವ. ಅಪ್ಪ ಸುಳ್ಳು ಹೇಳಿದ್ದೆ.”

“ಯಾಕೆ?”

“ನಾನೊಬ್ನೇ ತಿಂತಿದ್ದೆ. ನಿಂಗೂ ಕೊಡ್ಬೇಕಾಗ್ತದೆ ಅಂತ.”

ಅವಳಿಗೆ ಅದರಲ್ಲಿ ದೊಡ್ಡ ವಿಷಯವೇನೂ ಕಾಣಲಿಲ್ಲ. ಬೆರಳು ನೆಕ್ಕುತ್ತಾ ಇನ್ನೊಂದು ತುಂಡಿಗೆ ಕೈ ಚಾಚಿದಳು. ಅತ್ತೆ ತಮ್ಮ ಪಾಲನ್ನು ಹಲ್ಲಿಲ್ಲದ ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದರು. ನಾನೂ ತಿಂದೆ. ಮೊದಲು ಸ್ವಲ್ಪ ಕಹಿ, ಆಮೇಲೆ ಸಿಹಿ, ಆಮೇಲೆ ಬೆಣ್ಣೆಯಂತೆ ಏನೋ ಗಂಟಲಿಗೆ ಇಳಿಯಿತು. ಓ, ಇದಕ್ಕೇನಾ ಎಂದುಕೊಂಡೆ. ದಿನಾ ಇದನ್ನು ತಿಂದವರು ನನ್ನ ಸೊಪ್ಪಿನ ಸಾರಿಗೆ ಮುಖ ತಿರುಗಿಸಿದ್ದರಲ್ಲಿ ಆಶ್ಚರ್ಯವೇನು? ಅವರೊಬ್ಬರು ಮಾತ್ರ ತಿನ್ನಲಿಲ್ಲ. ನಮ್ಮ ಬಾಯಿಗಳನ್ನು ನೋಡುತ್ತಾ ಒಂದು ಚೊಂಬು ನೀರು ಕುಡಿದರು.

ಮಧ್ಯಾಹ್ನದ ಆ ಹೊತ್ತನ್ನು ತುಂಬಿಸುವುದೇ ಕಷ್ಟದ ಕೆಲಸ ಎಂದು ನನಗೆ ಗೊತ್ತಾಯಿತು. ಅದಕ್ಕೇ ದಿನಾ ಆ ಹೊತ್ತಿಗೆ ಸರಿಯಾಗಿ ಡಿಪೋಗೆ ಏನಾದರೂ ತೆಗೆದುಕೊಂಡು ಹೋಗುತ್ತಿದ್ದೆ. ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಉಪ್ಪು ಸವರಿದ ಸೌತೆಕಾಯಿ, ಹೆಸರುಕಾಳಿನ ಉಸಲಿ, ಒಂದು ತಂಬಿಗೆ ನೀರು ಮಜ್ಜಿಗೆ. “ಹಸೀಗೆ ಮೇವು ಹಾಕ್ದಂಗೆ ಹಾಕ್ತೀಯ” ಎಂದು ಗೊಣಗುತ್ತಿದ್ದರು. ಗೊಣಗುತ್ತಲೇ ಪಾತ್ರೆ ಖಾಲಿ ಮಾಡುತ್ತಿದ್ದರು. ನಾನು ಖಾಲಿ ಪಾತ್ರೆಯನ್ನು ಎತ್ತಿ ತೋರಿಸಿದರೆ, “ಗಾಳೀಲಿ ಬಿದ್ದೋಗಿರ್ಬೇಕು” ಎನ್ನುತ್ತಿದ್ದರು.

ಆಸ್ಪತ್ರೆಗೂ ಹೋಗಿ ಬಂದೆವು. ಡಾಕ್ಟರು ಎದೆ ನೋಡಿ, ರಕ್ತದೊತ್ತಡ ನೋಡಿ, “ಕುಸ್ತಿ ಬಿಟ್ಟ ಮೇಲೂ ಕುಸ್ತಿಯವರ ಊಟ ಯಾಕ್ರೀ?” ಎಂದು ಒಂದೇ ಮಾತು ಕೇಳಿದರು. ತುಪ್ಪ ಕಡಿಮೆ, ಬಾಡು ವಾರಕ್ಕೊಮ್ಮೆ, ಸೊಪ್ಪು ತರಕಾರಿ ಜಾಸ್ತಿ, ದಿನಾ ನಡೆಯಬೇಕು ಎಂದರು. ಇದನ್ನು ಕೇಳಿ ಅತ್ತೆಗೆ ಬಂದ ಕೋಪ ಹೇಳತೀರದು. “ಆ ಡಾಕ್ಟ್ರನ್ನ ನೋಡ್ದೇನೇ? ಗಾಳಿ ಬಂದ್ರೆ ಹಾರೋಗ್ತಾನೆ. ಅವನ ಮಾತು ಕೇಳಿ ನನ್ ಮಗನ್ನ ಸೊರಗಿಸ್ತೀಯಾ?” ನಾನು ಬಡಿಸುವಾಗ ಎದುರಿಗೆ ಸುಮ್ಮನೆ ಕೂತಿರುತ್ತಿದ್ದರು. ನಾನು ಒಳಗೆ ಹೋದ ಕೂಡಲೇ ಮುದ್ದೆಯಲ್ಲಿ ಗುಳಿ ಮಾಡಿ ತುಪ್ಪ ಸುರಿದು, ಮೇಲೆ ಸಾರಿನ ಸೊಪ್ಪು ಮುಚ್ಚಿಬಿಡುತ್ತಿದ್ದರು. ಹೀಗೆ ಎಷ್ಟು ದಿನ ನಡೆಯಿತೋ. ಒಂದು ದಿನ ಅವರೇ ತಟ್ಟೆಯಿಂದ ಕೈ ತೆಗೆದು, “ಅವ್ವ, ತುಪ್ಪದ ಗಿಂಡಿ ಕೆಳಗಿಡು. ಈ ಮನೇಲಿ ಕದ್ದು ಮುಚ್ಚಿ ತಿನ್ನೋದು ನಂಗೇ ಕೊನೆ ಆಗ್ಲಿ” ಎಂದರು. ಅತ್ತೆ ಎರಡು ದಿನ ಮುನಿಸಿಕೊಂಡಿದ್ದು ಮೂರನೆಯ ದಿನ ತಾವೇ ಹೊಂಗನೆ ಸೊಪ್ಪು ಕೊಯ್ದು ತಂದು ಉಪ್ಸಾರು ಮಾಡಿದರು. ಅವರ ಕೈಯ ಉಪ್ಸಾರಿನ ಖಾರಕ್ಕೆ ತುಪ್ಪವೇ ಬೇಕಾಗಿರಲಿಲ್ಲ.

ಗರಡಿಯ ಹುಡುಗರಿಗೂ ನಮ್ಮ ಯಜಮಾನರೇ ಎಲ್ಲ ಹೇಳಿದರಂತೆ. ಎಲ್ಲರನ್ನೂ ಕೂರಿಸಿ, ಹುಣಸೆ ಕೊರಡಿನ ಹಿಂದೆ ಕೂತು ತಿನ್ನುತ್ತಿದ್ದುದರಿಂದ ಹಿಡಿದು ತಾಯಿ ಜೇಬು ನೆಕ್ಕಿದ್ದವರೆಗೆ. ಹುಡುಗರು ಮೊದಲು ನಗುವುದೋ ಬೇಡವೋ ಎಂದು ಮುಖ ಮುಖ ನೋಡಿಕೊಂಡರಂತೆ. ಜಿಲೇಬಿ ತಿಂದಿದ್ದ ಶಿಷ್ಯ ಮೊದಲು ನಕ್ಕ, ಆಮೇಲೆ ಎಲ್ಲರೂ. ಅಂದಿನಿಂದ ಸಿಹಿ ತಿಂದವನಿಗೆ ಬಸ್ಕಿ ಹೊಡೆಸುವುದು ನಿಂತಿತು. ಬದಲಿಗೆ, “ಯಾಕೆ ತಿನ್ನಬೇಕು ಅನ್ನಿಸ್ತು, ಹೇಳು” ಎಂದು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಿದ್ದರು. ಬಸ್ಕಿಯೇ ವಾಸಿ ಇತ್ತು ಎಂದು ಹುಡುಗರು ನನ್ನ ಹತ್ತಿರ ಬಂದು ದೂರುತ್ತಿದ್ದರು.

ಚಾಕಲೇಟಿನ ಆಸೆ ಪೂರ್ತಿ ಹೋಯಿತೆಂದು ನಾನು ಹೇಳುವುದಿಲ್ಲ. ಮುಂದೆಯೂ ಒಂದೆರಡು ಸಲ ಜಾರಿದರು. ಜಾರಿದ ದಿನ ಮನೆಗೆ ಬಂದು ಹೇಳುತ್ತಿದ್ದರು. ಹೇಳಬೇಕಾಗುತ್ತದೆ ಎಂಬ ನಾಚಿಕೆಗೇ ಇರಬೇಕು, ಅದೂ ನಿಂತಿತು. ಹೊಟ್ಟೆ ಇಳಿಯಿತು. ರಾತ್ರಿಯ ಮುದ್ದೆ ತಟ್ಟೆಯಲ್ಲಿ ಉಳಿಯುವುದು ನಿಂತಿತು.

ಕೊನೆಗೂ ಆಗದೆ ಉಳಿದದ್ದು ನಡೆಯುವುದು. “ಪೈಲ್ವಾನ್ ಆದೋನು ವಾಕಿಂಗ್ ಹೋಗೋದಾ? ಅದು ರಿಟೈರಾದ ಅಮಲ್ದಾರ್ರ ಕೆಲಸ” ಎನ್ನುತ್ತಿದ್ದರು. ನಾನು ದಿನಾ ಹೇಳಿ ಹೇಳಿ ಕೊನೆಗೊಂದು ದಿನ, “ನೀನೂ ಬಂದ್ರೆ ಬರ್ತೀನಿ” ಎಂದರು. ನಾನು ಹೇಗೂ ಒಪ್ಪುವುದಿಲ್ಲ ಎಂದುಕೊಂಡಿದ್ದರು. ನಾನು ಒಪ್ಪಿಬಿಟ್ಟೆ. ಬೆಳಗಿನ ಸಾಮನ್ನು ಹಿರಿಯ ಶಿಷ್ಯನಿಗೆ ಒಪ್ಪಿಸಿ, ಇಬ್ಬರೂ ಕುಕ್ಕರಹಳ್ಳಿ ಕೆರೆಯ ಕಡೆ ಹೊರಟೆವು. ನಾವು ಗಲ್ಲಿ ದಾಟುವವರೆಗೆ ಕಿಟಕಿಗಳು ತೆರೆದುಕೊಂಡವು. ಅತ್ತೆ ಜಗಲಿಯಲ್ಲಿ ನಿಂತು, “ಡಾಕ್ಟ್ರ ಔಷಧಿ ಕಣ್ರವ್ವ, ಬೇರೇನಿಲ್ಲ” ಎಂದು ಕೇಳದವರಿಗೂ ಹೇಳುತ್ತಿದ್ದರು.

ಕೆರೆ ಏರಿಯ ಮೇಲೆ ಅವರು ಅಭ್ಯಾಸದಂತೆ ಮುಂದೆ ಮುಂದೆ ನಡೆದರು, ನಾನು ಅಭ್ಯಾಸದಂತೆ ಹಿಂದೆ ಹಿಂದೆ. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿ ನಿಂತರು.

“ಯಾಕೆ ಹಿಂದೆ ಉಳ್ಕೊಂಡೆ?”

“ಗಂಡಸರ ಪಕ್ಕ ನಡೆದು ಅಭ್ಯಾಸ ಇಲ್ಲ.”

ಆ ಕಡೆ ಈ ಕಡೆ ನೋಡಿದರು. ಎದುರಿನಿಂದ ಯಾರೋ ಕೊಡೆ ಹಿಡಿದ ಹಿರಿಯರು ಬರುತ್ತಿದ್ದರು. ಅವರು ದಾಟಿ ಹೋಗುವವರೆಗೆ ಕಾದು, “ಬಾ, ಪಕ್ಕಕ್ಕೇ ಬಾ. ಏನಾದ್ರೂ ಮಾತಾಡ್ತಿರು. ಸುಮ್ನೆ ನಡೆದ್ರೆ ನಂಗೆ ಹಸಿವಾಗ್ತದೆ” ಎಂದರು.

ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಇಬ್ಬರೇ ಕೂತು ಮಾತಾಡಿದ್ದು ಕಡಿಮೆ. ಏನು ಮಾತಾಡುವುದು ಎಂದು ನನಗೆ ಹೊಳೆಯಲಿಲ್ಲ. ನೀರಿನ ಮೇಲೆ ಕೊಕ್ಕರೆಗಳು ಕೂತಿದ್ದವು. ಅದನ್ನು ಹೇಳಿದೆ. ನಮ್ಮೂರ ಕೆರೆಯಲ್ಲೂ ಇದ್ದವು ಎಂದೆ. ಆ ಕೆರೆಯಲ್ಲಿ ನಾನು ಈಜು ಕಲಿತದ್ದನ್ನು ಹೇಳಿದೆ.

“ನೀನು ಈಜ್ತೀಯಾ?” ಎಂದು ಅವರು ನಿಂತುಬಿಟ್ಟರು.

“ಈಜ್ತಿದ್ದೆ.”

“ನಂಗೆ ಬರಲ್ಲ” ಎಂದರು. ಆಮೇಲೆ ಯಾರಾದರೂ ಕೇಳಿಸಿಕೊಂಡರೇನೋ ಎಂದು ಹಿಂದೆ ನೋಡಿ, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ, “ಹೆಂಗೆ ಕಲ್ತೆ? ಹೇಳು” ಎಂದರು.